ಮಿತಿ ಹಾಕಿಕೊಂಡು ಆಡಬಹುದೇ? ಆನ್‌ಲೈನ್ ಜೂಜಿನ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನನಗೆ 34 ವರ್ಷ. ಹುಬ್ಬಳ್ಳಿಯ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕೈಗೆ ಬರುವ ಸಂಬಳ 45 ಸಾವಿರ. ಮದುವೆಯಾಗಿದೆ, ನಾಲ್ಕು ವರ್ಷದ ಮಗಳಿದ್ದಾಳೆ. ಐಪಿಎಲ್ ಸಮಯದಲ್ಲಿ ಸಹೋದ್ಯೋಗಿಗಳ ಜೊತೆ 49 ರೂಪಾಯಿ ಹಾಕಿ ಕ್ರಿಕೆಟ್ ತಂಡ ಕಟ್ಟುವ ಆಟದಿಂದ ಶುರು ಮಾಡಿದೆ, ಆಮೇಲೆ ರಮ್ಮಿ ಹಿಡಿಯಿತು. 2025ರ ಆಗಸ್ಟ್‌ನಲ್ಲಿ ಆ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದಾಗ ಒಂದು ಬಗೆಯ ನಿರಾಳ ಆಯಿತು. ಆದರೆ ಎರಡೇ ವಾರದಲ್ಲಿ ಗೆಳೆಯನೊಬ್ಬ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿದ. ಈಗ ಟಾಸ್, ಓವರ್‌ಗೆ ಎಷ್ಟು ರನ್, ವಿಮಾನ ಮೇಲೇರುವ ಆಟ, ಎಲ್ಲವನ್ನೂ ಆಡುತ್ತಿದ್ದೇನೆ. ಇದುವರೆಗೆ ಸುಮಾರು 6 ಲಕ್ಷ 40 ಸಾವಿರ ಹೋಗಿದೆ. ಒಂದು ಬ್ಯಾಂಕ್ ಸಾಲ, ಎರಡು ಲೋನ್ ಆ್ಯಪ್‌ಗಳ ಸಾಲ ಇವೆ. ಭಾವನ ಹತ್ತಿರ ಬೇರೆ ನೆಪ ಹೇಳಿ 1 ಲಕ್ಷ ತಂದಿದ್ದೇನೆ. ಹೆಂಡತಿಯ ಸರ ಗಿರವಿ ಇಟ್ಟಿದ್ದೇನೆ. ಅದು ಅವಳಿಗೆ ಗೊತ್ತಿಲ್ಲ. ಈಗ ನನ್ನ ವಾಲೆಟ್‌ನಲ್ಲಿ 1,84,000 ರೂಪಾಯಿ ಗೆಲುವು ತೋರಿಸುತ್ತಿದೆ, ಆದರೆ ತೆಗೆಯಬೇಕಾದರೆ ಮೊದಲು 30% ತೆರಿಗೆ ಎಂದು 55,200 ಕಟ್ಟಬೇಕು ಎಂದು ಏಜೆಂಟ್ ಹೇಳುತ್ತಿದ್ದಾನೆ. ಕಟ್ಟಲೇ? ದಿನಕ್ಕೆ ಸಾವಿರದ ಮಿತಿ ಹಾಕಿಕೊಂಡು ಹೋದದ್ದನ್ನು ನಿಧಾನವಾಗಿ ಹಿಂದೆ ಪಡೆದು ಆಮೇಲೆ ಬಿಡಬೇಕು ಎಂದಿದ್ದೇನೆ. ಮೂರು ಬಾರಿ ಮಿತಿ ಹಾಕಿಕೊಂಡರೂ ಉಳಿಯಲಿಲ್ಲ. ನಮ್ಮ ತಂದೆ ದೀಪಾವಳಿಗೆ ಇಸ್ಪೀಟಿಗೆ ಕೂತರೆ ಏಳುತ್ತಿರಲಿಲ್ಲ, ಎರಡು ಎಕರೆ ಹೊಲ ಹೋಯಿತು. ಇದು ರಕ್ತದಲ್ಲೇ ಬಂದದ್ದೇ? ನನ್ನ ಮನಸ್ಸು ಅಷ್ಟು ದುರ್ಬಲವೇ? ಹೆಂಡತಿಗೆ ಹೇಳಲೇಬೇಕೇ? ಕೆಲವು ರಾತ್ರಿ ಇರುವುದೇ ಬೇಡ ಎನ್ನಿಸುತ್ತದೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲಕ್ಕಿಂತ ಅದು ಮುಖ್ಯ. ಜೂಜಿನ ಸಾಲ ಮತ್ತು ಅದನ್ನು ಮುಚ್ಚಿಟ್ಟ ನಾಚಿಕೆ ಒಟ್ಟಿಗೆ ಸೇರಿದಾಗ ಬದುಕು ಬೇಡ ಎನ್ನಿಸುವುದನ್ನು ನಾವು ಮನೋವೈದ್ಯರು ಮತ್ತೆ ಮತ್ತೆ ನೋಡುತ್ತೇವೆ, ಅದನ್ನು ಎಂದೂ ಹಗುರವಾಗಿ ಪರಿಗಣಿಸುವುದಿಲ್ಲ. ಆ ಯೋಚನೆ ಮತ್ತೆ ಬಂದರೆ, ಎಷ್ಟೇ ಹೊತ್ತಾಗಿರಲಿ, 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಯೋಚನೆ ಹೇಗೆ, ಯಾವಾಗ ಎಂಬ ಹಂತಕ್ಕೆ ಹೋಗುತ್ತಿದ್ದರೆ ಕರೆಗೂ ಕಾಯದೆ ಮನೆಯವರನ್ನು ಎಬ್ಬಿಸಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಿಮ್ಮ ಸಾಲ ದೊಡ್ಡದು, ಆದರೆ 45 ಸಾವಿರದ ಸಂಬಳವಿರುವ, ಕೆಲಸ ಉಳಿಸಿಕೊಂಡಿರುವ ಮನುಷ್ಯ ಕೆಲವು ವರ್ಷಗಳಲ್ಲಿ ತೀರಿಸಬಹುದಾದ ಸಾಲ. ಇದಕ್ಕಿಂತ ಹೆಚ್ಚು ಕಳೆದುಕೊಂಡವರು ಚೇತರಿಸಿಕೊಂಡಿರುವುದನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ.

ಎರಡನೆಯದಾಗಿ, 55,200 ರೂಪಾಯಿಯನ್ನು ದಯವಿಟ್ಟು ಕಟ್ಟಬೇಡಿ. ಭಾರತದಲ್ಲಿ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 30% ತೆರಿಗೆ ಇರುವುದು ನಿಜ, 2023ರ ಏಪ್ರಿಲ್‌ನಿಂದ ಆ ನಿಯಮ ಇದೆ. ಆದರೆ ಅದು ಮೂಲದಲ್ಲೇ ಕಡಿತವಾಗುವ ತೆರಿಗೆ. ಅಂದರೆ ಕೊಡುವವರು ಗೆಲುವಿನ ಹಣದಿಂದಲೇ ಅದನ್ನು ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಕೊಡಬೇಕು. ಗೆದ್ದವನಿಂದ ಮೊದಲು ಹೊಸ ಹಣ ಕಟ್ಟಿಸಿಕೊಳ್ಳುವ ತೆರಿಗೆ ಎಂಬುದಿಲ್ಲ, ಯಾರದೋ ಖಾಸಗಿ ಯುಪಿಐ ಐಡಿಗೆ ಕಟ್ಟುವ ತೆರಿಗೆಯಂತೂ ಇಲ್ಲವೇ ಇಲ್ಲ. ನಿಮ್ಮ ವಾಲೆಟ್‌ನಲ್ಲಿ ಕಾಣುವ 1,84,000 ಎಂಬುದು ಅವರ ಪರದೆಯ ಮೇಲೆ ಅವರೇ ಬರೆದ ಅಂಕಿ. ನೀವು 55,200 ಕಟ್ಟಿದರೆ ನಾಳೆ ಖಾತೆ ಪರಿಶೀಲನೆಯ ಶುಲ್ಕ, ನಾಡಿದ್ದು ವಿದೇಶಿ ವಿನಿಮಯದ ಶುಲ್ಕ ಎಂದು ಬೇಡಿಕೆ ಮುಂದುವರಿಯುತ್ತದೆ. ಅವರ ಮೇಲೆ ದಾವೆ ಹೂಡುವ ದಾರಿಯೂ ಇಲ್ಲ, ಏಕೆಂದರೆ 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಣದ ಒಪ್ಪಂದ ಅನೂರ್ಜಿತ. ಆದರೆ ಹೀಗೆ ಸುಳ್ಳು ನೆಪದಿಂದ ಹಣ ಕೀಳುವುದು ಸೈಬರ್ ವಂಚನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹಣ ಕಳಿಸಿದ ಬೆನ್ನಲ್ಲೇ ಕೊಟ್ಟ ದೂರಿನಿಂದ ಆ ಹಣವನ್ನು ದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಅದು ಕಡಿಮೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಾನು ಅರ್ಥಮಾಡಿಕೊಂಡಂತೆ ನಿಮ್ಮ ಆತಂಕ ಇಷ್ಟು: ಸಂಪೂರ್ಣ ಬಿಟ್ಟರೆ ಹೋದ ಹಣ ಹೋದಂತೆಯೇ, ಬಿಡದಿದ್ದರೆ ಇನ್ನಷ್ಟು ಹೋಗುತ್ತದೆ, ಆದ್ದರಿಂದ ಇವೆರಡರ ನಡುವೆ ಹಿಡಿತದಲ್ಲಿ ಆಡುವ ಒಂದು ಸುರಕ್ಷಿತ ದಾರಿ ಇದೆಯೇ ಎಂಬುದು. ಇದು ಮೂರ್ಖ ಪ್ರಶ್ನೆಯಲ್ಲ. ಕೆಲವರು ನಿಜಕ್ಕೂ ಮಿತಿಯಲ್ಲಿ ಆಡಿ ನಿಲ್ಲಿಸುತ್ತಾರೆ, ಜೂಜು ಕಾನೂನುಬದ್ಧವಾಗಿರುವ ದೇಶಗಳಲ್ಲಿ ಅದಕ್ಕಾಗಿ ಸೂತ್ರಗಳನ್ನೂ ರೂಪಿಸಿದ್ದಾರೆ. ಕೆನಡಾದ ತಜ್ಞರು 2021ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ತಿಂಗಳಿಗೆ ಮನೆಯ ಆದಾಯದ ಶೇಕಡಾ 1ಕ್ಕಿಂತ ಹೆಚ್ಚು ಹಾಕಬಾರದು, ತಿಂಗಳಲ್ಲಿ 4 ದಿನಕ್ಕಿಂತ ಹೆಚ್ಚು ಆಡಬಾರದು, ಎರಡಕ್ಕಿಂತ ಹೆಚ್ಚು ಬಗೆಯ ಜೂಜನ್ನು ನಿಯಮಿತವಾಗಿ ಆಡಬಾರದು. ನಿಮ್ಮ ಸಂಬಳವನ್ನೇ ಮನೆಯ ಆದಾಯ ಎಂದುಕೊಂಡರೆ ಇದು ತಿಂಗಳಿಗೆ 450 ರೂಪಾಯಿ. ನೀವು ಯೋಚಿಸಿರುವ ದಿನಕ್ಕೆ ಸಾವಿರ ಎಂಬ ಮಿತಿ ತಿಂಗಳಿಗೆ 30 ಸಾವಿರವಾಗುತ್ತದೆ, ಅಂದರೆ ಸಂಬಳದ ಮೂರರಲ್ಲಿ ಎರಡು ಪಾಲು. ಜೊತೆಗೆ ಇದನ್ನೂ ಗಮನಿಸಿ: ಆ ಮಾರ್ಗಸೂಚಿ ಇರುವುದು ಇನ್ನೂ ಹಿಡಿತ ಕಳೆದುಕೊಳ್ಳದವರಿಗೆ. ಸಾಲ ಮಾಡಿ ಆಡುತ್ತಿರುವವರಿಗೆ, ಸೋತದ್ದನ್ನು ಹಿಂದೆ ಪಡೆಯಲು ಆಡುತ್ತಿರುವವರಿಗೆ ಅದು ಅನ್ವಯಿಸುವುದಿಲ್ಲ.

ಏಕೆ ಅನ್ವಯಿಸುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನೀವು ನಿಮ್ಮನ್ನು ಅನ್ಯಾಯವಾಗಿ ಶಿಕ್ಷಿಸಿಕೊಳ್ಳುತ್ತಿದ್ದೀರಿ. ಬೆಳಿಗ್ಗೆ ಆಫೀಸಿನಲ್ಲಿ ಕೂತು ಸಾವಿರದ ಮಿತಿ ನಿರ್ಧರಿಸುವಾಗ ನಿಮ್ಮ ಮನಸ್ಸು ಶಾಂತವಾಗಿರುತ್ತದೆ. ರಾತ್ರಿ ಸಾವಿರ ಸೋತ ಕ್ಷಣದಲ್ಲಿ ಅದೇ ಮಿತಿಯನ್ನು ಪಾಲಿಸಬೇಕಾದ ಮನಸ್ಸು ಉದ್ವೇಗದಲ್ಲಿರುತ್ತದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಗೆದ್ದಾಗ ಮಾತ್ರ ಹೆಚ್ಚುವುದಿಲ್ಲ. ಗೆಲ್ಲುವೆನೋ ಇಲ್ಲವೋ ಎಂಬ ಅನಿಶ್ಚಿತತೆಯೇ ಅದನ್ನು ಕೆರಳಿಸುತ್ತದೆ. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಪ್ರಾಣಿಗಳೂ ಮನುಷ್ಯರೂ ಅತ್ಯಂತ ಹಠದಿಂದ ಪ್ರಯತ್ನ ಮುಂದುವರಿಸುತ್ತಾರೆ ಎಂಬುದನ್ನು ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಗಳಿಂದ ಆರಂಭಿಸಿ ಅನೇಕ ಅಧ್ಯಯನಗಳು ತೋರಿಸಿವೆ. ಇದಕ್ಕೆ ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭಾವ ಸೇರುತ್ತದೆ. ಪರದೆಯ ಮೇಲೆ ಏರುತ್ತಿರುವ ವಿಮಾನ ಮಾಯವಾಗುವ ಮೊದಲೇ ಹಣ ತೆಗೆಯಬೇಕಾದ ಆ ಆಟದಲ್ಲಿ, ನೀವು ತೆಗೆಯುವ ಒಂದು ಕ್ಷಣ ಮೊದಲು ಅದು ಹಾರಿ ಹೋದರೆ, ಲೆಕ್ಕದಲ್ಲಿ ಅದು ಪೂರ್ತಿ ಸೋಲೇ. ಆದರೂ ಮಿದುಳು ಅದನ್ನು ಗೆಲುವಿಗೆ ಹತ್ತಿರದ ಅನುಭವವಾಗಿ ದಾಖಲಿಸಿಕೊಂಡು ಇನ್ನೊಮ್ಮೆ ಎನ್ನುತ್ತದೆ. ನಿಮ್ಮ ತಂದೆಯ ಇಸ್ಪೀಟಿನಲ್ಲಿ ಎಲೆ ಕಲಸಬೇಕಿತ್ತು, ಹಂಚಬೇಕಿತ್ತು, ಚಹಾಕ್ಕೆ ಏಳಬೇಕಿತ್ತು, ಜೇಬು ಖಾಲಿಯಾದರೆ ಸಾಲ ಕೇಳಲು ಯಾರದಾದರೂ ಮುಖ ನೋಡಬೇಕಿತ್ತು. ಈ ಆಟದ ಒಂದು ಸುತ್ತು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಹಣ ಬೆರಳಿನ ಒಂದು ಒತ್ತಿಗೆ ಹೋಗುತ್ತದೆ, ಲೋನ್ ಆ್ಯಪ್ ಅದೇ ಫೋನಿನಲ್ಲಿದೆ. ಯೋಚಿಸಲು ಸಿಗುತ್ತಿದ್ದ ಬಿಡುವುಗಳನ್ನೆಲ್ಲ ತೆಗೆದುಹಾಕಿರುವ ಆಟದಲ್ಲಿ ಮೂರು ಬಾರಿ ಮಿತಿ ಮುರಿದದ್ದು ನಿಮ್ಮ ಮನಸ್ಸು ದುರ್ಬಲ ಎಂಬುದನ್ನು ಸಾಬೀತು ಮಾಡುವುದಿಲ್ಲ. ಆಡುತ್ತಿರುವಾಗ ಪಾಲಿಸಬೇಕಾದ ಮಿತಿ ನಿಮ್ಮಲ್ಲಿ ಇನ್ನು ಕೆಲಸ ಮಾಡುವುದಿಲ್ಲ ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

ಬ್ರಿಟನ್‌ನಲ್ಲಿ ಇದನ್ನು ಅರಿತೇ ಗ್ಯಾಮ್‌ಸ್ಟಾಪ್ ಎಂಬ ವ್ಯವಸ್ಥೆ ಮಾಡಿದ್ದಾರೆ. ಅದರಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಪರವಾನಗಿ ಪಡೆದ ಎಲ್ಲ ಆನ್‌ಲೈನ್ ಜೂಜು ಸಂಸ್ಥೆಗಳೂ ಆ ವ್ಯಕ್ತಿಗೆ ಬಾಗಿಲು ಮುಚ್ಚಲೇಬೇಕು. 2020ರ ಏಪ್ರಿಲ್‌ನಿಂದ ಅಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ಜೂಜಾಡುವುದನ್ನೂ ನಿಷೇಧಿಸಲಾಗಿದೆ. ನೀವು ಆಡುತ್ತಿರುವ ಟೆಲಿಗ್ರಾಂ ಲಿಂಕಿನ ಹಿಂದೆ ಪರವಾನಗಿಯೂ ಇಲ್ಲ, ವಿಳಾಸವೂ ಇಲ್ಲ. ಇಂಥ ಕಡೆ ‘ಜವಾಬ್ದಾರಿಯಿಂದ ಆಡಿ’ ಎಂಬ ಸಾಲು ಕಂಡರೆ ಅದರ ಹಿಂದೆ ಯಾವ ಹೊಣೆಗಾರಿಕೆಯೂ ಇಲ್ಲವೆಂದೇ ತಿಳಿಯಿರಿ. ಅಂಥ ಜಾಲಗಳಲ್ಲಿ ಸಾಮಾನ್ಯವಾಗಿ ನೀವು ಸೋತ ಹಣದ ಒಂದು ಪಾಲು ನಿಮ್ಮನ್ನು ಕರೆತಂದ ಏಜೆಂಟನಿಗೆ ಹೋಗುತ್ತದೆ. ನೀವು ನಿಲ್ಲಿಸುವುದು ಅಲ್ಲಿ ಯಾರಿಗೂ ಬೇಕಿಲ್ಲ.

ನೀವು ಲೆಕ್ಕಪತ್ರದವರು, ಆದ್ದರಿಂದ ಹೋದದ್ದನ್ನು ನಿಧಾನವಾಗಿ ಹಿಂದೆ ಪಡೆಯುವ ಯೋಜನೆಯನ್ನು ಲೆಕ್ಕದಲ್ಲೇ ನೋಡೋಣ. ಟಾಸ್‌ಗೆ ಎರಡೂ ಕಡೆ 1.90 ದರ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ನೂರು ಹಾಕಿ ಗೆದ್ದರೆ 190 ಬರುತ್ತದೆ, ಸೋತರೆ ಏನೂ ಇಲ್ಲ, ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಹಾಕಿದ ಪ್ರತಿ ನೂರಕ್ಕೆ ಸರಾಸರಿ 95 ಮರಳುತ್ತದೆ. ಐದು ರೂಪಾಯಿ ಅಲ್ಪವೆನಿಸಬಹುದು, ಆದರೆ ಬಂದದ್ದನ್ನೇ ಮತ್ತೆ ಹಾಕುತ್ತಾ ಹೋದರೆ ಇಪ್ಪತ್ತು ಸುತ್ತುಗಳ ಬಳಿಕ 10 ಸಾವಿರದಲ್ಲಿ ಸರಾಸರಿ ಉಳಿಯುವುದು ಸುಮಾರು 3,600, ಐವತ್ತು ಸುತ್ತುಗಳ ಬಳಿಕ ಎಂಟುನೂರಕ್ಕೂ ಕಡಿಮೆ. ಸೋತಾಗಲೆಲ್ಲ ಮೊತ್ತವನ್ನು ದ್ವಿಗುಣ ಮಾಡಿದರೆ ಎಂದಾದರೂ ಗೆದ್ದೇ ಗೆಲ್ಲುತ್ತೇವೆ ಎಂಬ ಉಪಾಯವನ್ನು ನನ್ನ ಬಳಿ ಬರುವ ಬಹುತೇಕರು ಪ್ರಯತ್ನಿಸಿರುತ್ತಾರೆ. 1.90 ದರದಲ್ಲಿ ಅದನ್ನೇ ಮಾಡಿ ನೋಡಿ: 100, 200, 400, 800 ಹೀಗೆ ನಾಲ್ಕು ಬಾರಿ ಸತತವಾಗಿ ಸೋತರೆ ಹೋದದ್ದು 1,500, ಐದನೆಯ ಬಾರಿ 1,600 ಹಾಕಿ ಗೆದ್ದರೂ ಬರುವ ಲಾಭ 1,440. ಗೆದ್ದ ಮೇಲೂ ನೀವು 60 ರೂಪಾಯಿ ಹಿಂದಿರುತ್ತೀರಿ. ಆಮೇಲೆ ಪ್ರತಿ ಹೆಜ್ಜೆಗೂ ಅದು ಹೆಚ್ಚುತ್ತದೆ. ಸತತ ನಾಲ್ಕು ಸೋಲು ಅಪರೂಪವೂ ಅಲ್ಲ, ಹದಿನಾರಕ್ಕೊಮ್ಮೆ ಆಗುವಂಥದ್ದು.

‘ಐದು ಸಲ ಹೆಡ್ ಬಿದ್ದಿದೆ, ಈಗ ಟೇಲ್ ಬೀಳಲೇಬೇಕು’ ಎಂಬ ನಂಬಿಕೆಯೂ ಹೀಗೆಯೇ ಹಣ ತಿಂದಿದೆ. 1913ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ಕೆಂಪು, ಕಪ್ಪು ಮನೆಗಳಿರುವ ರೂಲೆಟ್ ಎಂಬ ಜೂಜಿನ ಚಕ್ರದಲ್ಲಿ ಚೆಂಡು ಸತತ 26 ಬಾರಿ ಕಪ್ಪಿನ ಮೇಲೆ ನಿಂತಿತು. ಇನ್ನು ಕೆಂಪು ಬರಲೇಬೇಕು ಎಂದು ಪಣ ಏರಿಸುತ್ತಾ ಹೋದವರು ಅಪಾರ ಹಣ ಕಳೆದುಕೊಂಡರು. ಚಕ್ರಕ್ಕೂ ನಾಣ್ಯಕ್ಕೂ ಹಿಂದಿನ ಸುತ್ತಿನ ನೆನಪಿರುವುದಿಲ್ಲ. ಕ್ರಿಕೆಟ್ ಜ್ಞಾನದ ಮಾತು ಸ್ವಲ್ಪ ಬೇರೆ. ನಿಮಗೆ ಆಟ ಚೆನ್ನಾಗಿ ಗೊತ್ತಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಿಚ್, ಫಾರ್ಮ್, ಹವಾಮಾನ ಎಲ್ಲವನ್ನೂ ಲೆಕ್ಕಹಾಕಿಯೇ ಅವರು ದರ ಇಟ್ಟಿರುತ್ತಾರೆ, ಅದರ ಮೇಲೆ ತಮ್ಮ ಪಾಲನ್ನೂ ಸೇರಿಸಿರುತ್ತಾರೆ. ಟೆಲಿಗ್ರಾಂನಲ್ಲಿ ಬರುವ ‘ಪಕ್ಕಾ ಟಿಪ್’ಗಳ ಹಿಂದಿರುವುದು ಸರಳ ತಂತ್ರ: ಅರ್ಧ ಜನಕ್ಕೆ ಒಂದು ಫಲಿತಾಂಶ, ಉಳಿದರ್ಧಕ್ಕೆ ಇನ್ನೊಂದು. ಸರಿಯಾದದ್ದು ಯಾರಿಗೆ ಸಿಕ್ಕಿತೋ ಅವರು ನಂಬುತ್ತಾರೆ.

ರಕ್ತದಲ್ಲಿ ಬಂದದ್ದೇ ಎಂಬ ಪ್ರಶ್ನೆಗೆ ನೇರ ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಜೂಜಿನ ಚಟಕ್ಕೆ ಅನುವಂಶೀಯತೆಯ ಗಣನೀಯ ಪಾಲು ಇದೆ ಎಂದು ತೋರಿಸಿವೆ, ಬಾಲ್ಯದಲ್ಲಿ ಕಂಡದ್ದರ ಪ್ರಭಾವವೂ ಅದಕ್ಕೆ ಸೇರುತ್ತದೆ. ಆದರೆ ತಂದೆಯಿಂದ ಬರುವುದು ಒಲವು ಮಾತ್ರ. ಅದು ಕಾಯಿಲೆಯಾಗಬೇಕಾದರೆ ಹಣ ಸುಲಭವಾಗಿ ಸಿಗಬೇಕು, ಅವಕಾಶ ಸದಾ ಕೈಯಲ್ಲಿರಬೇಕು. ಇವೆರಡನ್ನೂ ಬದಲಾಯಿಸಲು ಬರುತ್ತದೆ. ವೈದ್ಯಶಾಸ್ತ್ರ ಇದನ್ನು ಈಗ ಕಾಯಿಲೆ ಎಂದೇ ಗುರುತಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಮದ್ಯ, ಮಾದಕ ವಸ್ತುಗಳ ಚಟದ ಗುಂಪಿಗೇ ಸೇರಿಸಿತು, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಅದಕ್ಕೆ ಸ್ಥಾನವಿದೆ. ನಾವು ನೋಡುವ ಲಕ್ಷಣಗಳು ಒಂಬತ್ತು. ವರ್ಷದೊಳಗೆ ನಾಲ್ಕು ಕಂಡರೆ ರೋಗ ಎನ್ನುತ್ತೇವೆ. ಮಿತಿ ಹಾಕಲು ಹೋಗಿ ಸೋತದ್ದು, ಸೋತ ಹಣದ ಬೆನ್ನು ಹತ್ತಿದ್ದು, ಪಣದ ಮೊತ್ತ 49 ರೂಪಾಯಿಯಿಂದ ಸಾವಿರಗಳಿಗೆ ಏರಿದ್ದು, ಮನೆಯವರಿಗೆ ಸುಳ್ಳು ಹೇಳಿದ್ದು, ಸಂಕಟ ಬಂದಾಗ ಇನ್ನೊಬ್ಬರಿಂದ ಹಣ ತಂದದ್ದು, ಇಷ್ಟು ನಿಮ್ಮ ಪತ್ರದಲ್ಲೇ ಇವೆ. ಆದರೂ ಎದುರಿಗೆ ಕೂರಿಸಿಕೊಂಡು ಮಾತನಾಡದೆ ರೋಗನಿರ್ಣಯ ಮಾಡುವುದು ಸರಿಯಲ್ಲ. ಅದಕ್ಕೆ ಕಾರಣವೂ ಇದೆ. ಖಿನ್ನತೆಯಿಂದ ತಪ್ಪಿಸಿಕೊಳ್ಳಲು ಆಡುವವರಿದ್ದಾರೆ. ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ಹಣ ಚೆಲ್ಲುವವರಿದ್ದಾರೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳಿಂದಲೇ, ಎಂದೂ ಇಸ್ಪೀಟು ಮುಟ್ಟದವರಿಗೆ ಜೂಜಿನ ತೀವ್ರ ಸೆಳೆತ ಹುಟ್ಟುವುದುಂಟು. ಇದು ನಿಮ್ಮ ವಯಸ್ಸಿಗೆ ಸಂಬಂಧಿಸಿದ್ದಲ್ಲದಿರಬಹುದು, ಆದರೆ ಓದುವವರ ಮನೆಯಲ್ಲಿ ಇಳಿವಯಸ್ಸಿನವರು ಹಠಾತ್ತನೆ ಹೀಗೆ ಬದಲಾದರೆ ಮಾತ್ರೆ ಬರೆದ ವೈದ್ಯರಿಗೆ ತಿಳಿಸಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಅದರ ಭಯದಿಂದಲೇ ಅನೇಕರು ಸಹಾಯ ಕೇಳುವುದಿಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಅದರ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ; ಆಡಿದವರನ್ನು ಅದು ಅಪರಾಧಿ ಎಂದು ನೋಡುವುದಿಲ್ಲ. ಕ್ರಿಕೆಟ್ ಬೆಟ್ಟಿಂಗ್ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ದೂರು ಕೊಡುವ ಮುನ್ನ ವಕೀಲರೊಬ್ಬರೊಡನೆ ಮಾತನಾಡುವುದು ಒಳ್ಳೆಯದು. ಆದರೆ ವೈದ್ಯರ ಬಳಿ ಹೇಳಿಕೊಂಡದ್ದು ಗುಟ್ಟಾಗಿಯೇ ಉಳಿಯುತ್ತದೆ, ಜೂಜಾಡಿದೆ ಎಂದು ಹೇಳಿದವರನ್ನು ನಾವು ಪೊಲೀಸರಿಗೆ ಒಪ್ಪಿಸುವುದಿಲ್ಲ. ಇನ್ನೊಂದು ಅಪಾಯವನ್ನು ಗಮನಿಸಿ: ನೀವು ಹಣ ಹಾಕುವಾಗ ಪ್ರತಿ ಬಾರಿಯೂ ಬೇರೆ ಬೇರೆ ಹೆಸರಿನ ಖಾತೆ ಬರುತ್ತಿರಬಹುದು. ಅವು ಬಾಡಿಗೆಗೆ ಪಡೆದ ಖಾತೆಗಳು. ಅಂಥ ಖಾತೆಯಿಂದ ನಿಮಗೆ ‘ಗೆಲುವು’ ಬಂದರೆ, ಅದು ಬೇರೆ ಯಾರನ್ನೋ ವಂಚಿಸಿ ತೆಗೆದ ಹಣವಾಗಿದ್ದರೆ, ಯಾವುದೋ ರಾಜ್ಯದ ಪೊಲೀಸರ ಸೂಚನೆಯ ಮೇರೆಗೆ ನಿಮ್ಮ ಸಂಬಳದ ಖಾತೆಯೇ ಸ್ತಂಭನಗೊಳ್ಳಬಹುದು. ಕಮಿಷನ್ ಆಸೆಗೆ ನಿಮ್ಮ ಖಾತೆಯನ್ನು ಅವರಿಗೆ ಬಳಸಲು ಕೊಡುವುದಂತೂ ಯಾವ ಕಾರಣಕ್ಕೂ ಬೇಡ. ಅಲ್ಲಿಗೆ ನೀವು ಬರೀ ಆಡಿದವರಾಗಿ ಉಳಿಯುವುದಿಲ್ಲ, ಅವರ ವಂಚನೆಯಲ್ಲಿ ಪಾಲುದಾರರಾಗುತ್ತೀರಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಸ್ಥಿತಿಯಲ್ಲಿ ಪೂರ್ತಿ ನಿಲ್ಲಿಸುವುದೇ ನನ್ನ ಸಲಹೆ, ಅದನ್ನು ಸಂಕಲ್ಪದ ಮೇಲೆ ಬಿಡದೆ ಹಣದ ದಾರಿಯನ್ನು ಮುಚ್ಚುವುದರಿಂದ ಆರಂಭಿಸಬೇಕು. ಶಾಂತ ಮನಸ್ಸಿನಲ್ಲಿ, ಹಗಲು ಹೊತ್ತಿನಲ್ಲಿ, ಒಂದೇ ದಿನ ಈ ಕೆಲಸ ಮುಗಿಸಿ. ಸಂಬಳ ಬರುವ ಖಾತೆಯನ್ನು ಹೆಂಡತಿಯೊಂದಿಗೆ ಇಬ್ಬರ ಸಹಿಯ ಜಂಟಿ ಖಾತೆಗೆ ಬದಲಿಸಿ, ಅದಕ್ಕೆ ಯುಪಿಐ ಜೋಡಿಸಬೇಡಿ. ದಿನದ ಖರ್ಚಿಗೆ ಬೇರೆ ಸಣ್ಣ ಖಾತೆ ಇರಲಿ, ವಾರಕ್ಕೊಮ್ಮೆ ಅದಕ್ಕೆ ಹಣ ಬರಲಿ. ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳ ಆನ್‌ಲೈನ್ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲೇ ನಿಲ್ಲಿಸಬಹುದು. ರಿಸರ್ವ್ ಬ್ಯಾಂಕ್ ಈ ಸೌಲಭ್ಯವನ್ನು ಕಡ್ಡಾಯ ಮಾಡಿದೆ. ಟೆಲಿಗ್ರಾಂ ಗುಂಪುಗಳಿಂದ ಹೊರಬನ್ನಿ, ಏಜೆಂಟನ ಸಂಖ್ಯೆ ತಡೆಹಿಡಿಯಿರಿ, ಆದರೆ ಅದಕ್ಕೂ ಮೊದಲು ಮಾತುಕತೆ ಮತ್ತು ಪಾವತಿಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ದೂರಿಗೆ ಬೇಕಾಗುತ್ತದೆ. ಲಿಂಕಿನಿಂದ ಇಳಿಸಿಕೊಂಡ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಸಿಕ್ಕಿರಬಹುದಾದ್ದರಿಂದ ಫೋನನ್ನು ಒಮ್ಮೆ ಪೂರ್ತಿ ರೀಸೆಟ್ ಮಾಡಿಸಿ, ಬ್ಯಾಂಕ್ ಪಿನ್‌ಗಳನ್ನು ಬದಲಿಸಿ. ಇವುಗಳಲ್ಲಿ ಯಾವುದನ್ನೂ ದಾಟಲಾಗದು ಎಂದಲ್ಲ. ಸೆಳೆತ ಹುಟ್ಟಿದಾಗ ಹಣ ಸಿಗಲು ಅರ್ಧ ದಿನ ಬೇಕಾಗುವಂತೆ ಮಾಡುವುದೇ ಇದರ ಉದ್ದೇಶ, ಏಕೆಂದರೆ ಸೆಳೆತದ ತೀವ್ರತೆ ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ಇಳಿಯುತ್ತದೆ.

ನಿಮ್ಮ ಪತ್ರದಲ್ಲಿ ನೀವು ಹೇಳದ, ಆದರೆ ನನಗೆ ಕಳವಳ ಹುಟ್ಟಿಸಿದ ಸಂಗತಿ ನಿಮ್ಮ ಕೆಲಸದ ಸ್ವರೂಪ. ಲೆಕ್ಕಪತ್ರ ವಿಭಾಗದಲ್ಲಿ ಸಂಸ್ಥೆಯ ಹಣ ಕೈಗೆಟಕುವ ದೂರದಲ್ಲಿರುತ್ತದೆ, ‘ಎರಡು ದಿನಕ್ಕೆ ತೆಗೆದು ಮತ್ತೆ ಹಾಕಿಬಿಡುತ್ತೇನೆ’ ಎಂಬ ಯೋಚನೆ ಪ್ರಾಮಾಣಿಕರಿಗೂ ಬರುತ್ತದೆ. ಪಾವತಿ ಮಾಡುವ ಅಧಿಕಾರ ನಿಮ್ಮ ಹೆಸರಿನಲ್ಲಿದ್ದರೆ, ಕಾರಣ ವಿವರಿಸದೆಯೇ ಕೆಲವು ತಿಂಗಳ ಮಟ್ಟಿಗೆ ಬೇರೆ ಜವಾಬ್ದಾರಿ ಕೇಳಿ ಪಡೆಯಿರಿ. ಸಾಲಕ್ಕೆ ಪರಿಹಾರವಿದೆ, ಕ್ರಿಮಿನಲ್ ಮೊಕದ್ದಮೆಯಿಂದ ಹೊರಬರುವುದು ಬಹಳ ಕಷ್ಟ.

ಹೆಂಡತಿಗೆ ಹೇಳಲೇಬೇಕೇ ಎಂದು ಕೇಳಿದ್ದೀರಿ. ಹೇಳಬೇಕು. ಜಂಟಿ ಖಾತೆ ಅವರಿಲ್ಲದೆ ಆಗುವುದಿಲ್ಲ ಎಂಬುದು ಒಂದು ಕಾರಣ. ಗುಟ್ಟು ಉಳಿದಷ್ಟು ದಿನ ಆ ಗುಟ್ಟನ್ನು ಮುಚ್ಚಲು ಬೇಕಾದ ಹಣಕ್ಕಾಗಿಯೇ ನೀವು ಆಡುತ್ತಿರುತ್ತೀರಿ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಇದರಲ್ಲಿ ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಅವರು ಕೋಪಗೊಳ್ಳಬಹುದು, ತವರಿಗೆ ಹೋಗಬಹುದು, ನಂಬಿಕೆ ಮರಳಲು ವರ್ಷ ಬೇಕಾಗಬಹುದು. ಆದರೆ ಕಂತು ಕಂತಾಗಿ ಹೇಳುವುದು ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಇಂದು ಎರಡು ಲಕ್ಷ ಎಂದು ಹೇಳಿ, ಮುಂದಿನ ತಿಂಗಳು ಸರದ ವಿಷಯ ಹೊರಬಿದ್ದರೆ ಅವರ ಪಾಲಿಗೆ ಅದು ಎರಡನೆಯ ಮೋಸ. ಆದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲಗಳ ಪಟ್ಟಿ, ಗಿರವಿ ಚೀಟಿ ಎಲ್ಲವನ್ನೂ ಮುಂದಿಟ್ಟು, ಭಾವನಿಂದ ತಂದ ಹಣವನ್ನೂ ಸೇರಿಸಿ ಒಂದೇ ಸಲ ಹೇಳಿ. ಒಬ್ಬರೇ ಹೇಳಲು ಧೈರ್ಯವಿಲ್ಲದಿದ್ದರೆ ನಮ್ಮಂಥವರ ಎದುರಿಗೆ, ಸಮಾಲೋಚನೆಯ ಕೋಣೆಯಲ್ಲಿ ಹೇಳಬಹುದು. ಅನೇಕರು ಹಾಗೆಯೇ ಮಾಡುತ್ತಾರೆ. ಈ ಉತ್ತರವನ್ನು ನಿಮ್ಮ ಮನೆಯವರು ಓದುವುದಾದರೆ ಅವರಿಗೆ ಒಂದು ಮಾತು: ಅಮ್ಮಾ, ಹಣವನ್ನು ನೀವು ನೋಡಿಕೊಳ್ಳಿ, ಆದರೆ ರಾತ್ರಿ ಹಗಲು ಅವರ ಫೋನಿನ ಕಾವಲು ನಿಮ್ಮ ಕೆಲಸವಲ್ಲ. ಒಡವೆ ಮಾರಿ ಎಲ್ಲ ಸಾಲವನ್ನೂ ಒಂದೇ ಬಾರಿಗೆ ತೀರಿಸಿಬಿಡುವ ಆತುರವೂ ಬೇಡ. ಹಣದ ದಾರಿ ಮುಚ್ಚುವ ಮೊದಲೇ ಸಾಲ ತೀರಿದರೆ ಮತ್ತೆ ಆಡಲು ಅಲ್ಲಿ ಜಾಗ ಹುಟ್ಟುತ್ತದೆ, ಇದನ್ನು ಎಷ್ಟೋ ಮನೆಗಳಲ್ಲಿ ಕಂಡು ಹೇಳುತ್ತಿದ್ದೇನೆ.

ಸಾಲ ತೀರಿಸುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಸಾಲ ತೀರಿಸಲು ಹೊಸ ಲೋನ್ ಆ್ಯಪ್ ಹಿಡಿಯಬೇಡಿ. ಬ್ಯಾಂಕಿಗೆ ಹೋಗಿ ಕಂತನ್ನು ಕಡಿಮೆ ಮಾಡಿ ಅವಧಿ ಹೆಚ್ಚಿಸಲು ಕೇಳಿ. ಲೋನ್ ಆ್ಯಪ್‌ಗಳ ಹಿಂದೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆ ಇದೆಯೇ ಎಂದು ನೋಡಿ. 2022ರಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮಗಳ ಪ್ರಕಾರ ಅವು ನಿಮ್ಮ ಫೋನಿನ ಸಂಪರ್ಕ ಪಟ್ಟಿಯನ್ನಾಗಲಿ ಫೋಟೋಗಳನ್ನಾಗಲಿ ತೆಗೆದುಕೊಳ್ಳುವಂತಿಲ್ಲ. ನೆಂಟರಿಗೆ ಕರೆ ಮಾಡಿ ಬೆದರಿಸಿದರೆ ಅದೂ 1930ಕ್ಕೆ, ಪೊಲೀಸ್ ಠಾಣೆಗೆ ಹೋಗಬೇಕಾದ ದೂರು. ಕೈಸಾಲದವರು, ಮೈಕ್ರೋ ಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದು ಕಿರುಕುಳ ಕೊಡುವುದರ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ.

ಚಿಕಿತ್ಸೆಯ ಮಾತು. ಜೂಜಿನ ಚಟಕ್ಕೆ ಹೆಚ್ಚು ಆಧಾರವಿರುವುದು ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮಾತಿನ ಚಿಕಿತ್ಸೆಗೆ. ವಾರಕ್ಕೊಮ್ಮೆಯಂತೆ ಎರಡು ಮೂರು ತಿಂಗಳು ನಡೆಯುತ್ತದೆ. ಯಾವ ಹೊತ್ತು, ಯಾವ ಭಾವನೆ, ಯಾವ ಜನ ನಿಮ್ಮನ್ನು ಆಟಕ್ಕೆ ಎಳೆಯುತ್ತಾರೆ ಎಂದು ಗುರುತಿಸುವುದು, ‘ಹೋದದ್ದನ್ನು ಪಡೆಯಲೇಬೇಕು’ ಎಂಬ ನಂಬಿಕೆಯನ್ನು ಬಿಡಿಸುವುದು ಅದರ ತಿರುಳು. ಆರು ಲಕ್ಷ ನಲವತ್ತು ಸಾವಿರ ಹೋಗಿದೆ, ಅದು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಭಾಗ, ಅಲ್ಲಿ ಅಳುವವರನ್ನು ನಾನು ತಡೆಯುವುದಿಲ್ಲ. ಈ ಕಾಯಿಲೆಗೆಂದೇ ಮಾನ್ಯತೆ ಪಡೆದ ಮಾತ್ರೆ ಇಲ್ಲ; ತೀವ್ರ ಸೆಳೆತವಿರುವ ಕೆಲವರಿಗೆ ನಾಲ್ಟ್ರೆಕ್ಸೋನ್ ಸಹಾಯ ಮಾಡಬಹುದು, ಅದಕ್ಕೆ ಯಕೃತ್ತಿನ ಪರೀಕ್ಷೆ ಮಾಡಿಸಬೇಕಾಗುತ್ತದೆ. ಖಿನ್ನತೆ ಇದ್ದರೆ ಅದಕ್ಕೆ ಪ್ರತ್ಯೇಕ ಔಷಧ ಕೊಡುತ್ತೇವೆ. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಚಟ ಬಿಡಿಸುವ ಪುಡಿ ಎಂದು ಮಾರುವುದನ್ನು ಮನೆಯವರು ಯಾರೂ ತರಬಾರದು, ಅದರಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು.

ನಿಮಗೆ ಹತ್ತಿರವಿರುವುದು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸಾ ಕೇಂದ್ರವೂ, 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ಇರುವ ಷಟ್ ಕ್ಲಿನಿಕ್ ಕೂಡ ಇವೆ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ನಿಲ್ಲಿಸಿದ ಮೇಲೆ ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತು ಎಂದುಕೊಂಡು ಭೇಟಿ ತಪ್ಪಿಸಬೇಡಿ. ಅದೇ ದಿನ ಹೆಂಡತಿಗೂ ವೈದ್ಯರಿಗೂ ತಿಳಿಸಿ, ಹಣ ಯಾವ ದಾರಿಯಲ್ಲಿ ಹೊರಟಿತೋ ಅದನ್ನು ಮುಚ್ಚಿ. ಐಪಿಎಲ್ ತಿಂಗಳುಗಳಿಗೆ ಮುಂಚೆಯೇ ವೈದ್ಯರೊಡನೆ ಕೂತ ಯೋಜನೆ ಇರಲಿ, ಪಂದ್ಯವನ್ನು ಒಬ್ಬರೇ ಫೋನಿನಲ್ಲಿ ನೋಡಬೇಡಿ. ಮೊದಲ ಭೇಟಿಗೆ ಬರುವಾಗ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಪಟ್ಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳಿದ್ದರೆ ಅವುಗಳ ಚೀಟಿ ತನ್ನಿ. ಹೆಂಡತಿ ಬರಲು ಒಪ್ಪಿದರೆ ಅವರನ್ನೂ ಕರೆತನ್ನಿ, ಒಪ್ಪದಿದ್ದರೆ ಅವರಿಗಾಗಿ ಕಾಯದೆ ಒಬ್ಬರೇ ಬನ್ನಿ.